ಹಳೆಯ ಬೀದಿ ದೀಪ ಕೈಕೊಟ್ಟಿದೆಯಾ? ಏಣಿ ತರುವ ಮೊದಲು ಇಷ್ಟು ನೋಡಿ

ಚಿಕ್ಕ ಹಳ್ಳಿಗಳಲ್ಲಿ ಅಲ್ಲೊಂದು ಇಲ್ಲೊಂದು ಹಳೆಯ ಬೀದಿ ದೀಪ ಇನ್ನೂ ಉಳಿದಿರುತ್ತದೆ. ಹಂಸದ ಕತ್ತಿನ ಹಾಗೆ ಬಾಗಿದ ಕಬ್ಬಿಣದ ಪೈಪು, ತುದಿಯಲ್ಲಿ ಎನಾಮಲ್ ತಟ್ಟೆ ಅಥವಾ ಗಾಜಿನ ಬಟ್ಟಲು, ಒಳಗೆ ಸೋಡಿಯಂ, ಮರ್ಕ್ಯುರಿ ಅಥವಾ ಬುರುಡೆ ಬಲ್ಬು. ಅದು ಆರಿದ ದಿನ ಎಲ್ಲರೂ ಹೇಳೋದು ಒಂದೇ: "ಬಲ್ಬು ಹೋಗಿದೆ." ಹೊಸ ಬಲ್ಬು ಹಾಕಿಸುತ್ತಾರೆ. ವಾರದಲ್ಲಿ ಮತ್ತೆ ಆರುತ್ತದೆ. ಆಮೇಲೆ "ಹಳೇದಾಯ್ತು, ಕಿತ್ತು ಬಿಸಾಕಿ" ಅನ್ನುವ ಮಾತು ಶುರುವಾಗುತ್ತದೆ.

ಇಷ್ಟು ಆತುರ ಬೇಡ. ಈ ದೀಪಗಳು ಕೆಡುವ ಮೊದಲು ಎಷ್ಟೋ ದಿನದಿಂದ ಸೂಚನೆ ಕೊಡುತ್ತಿರುತ್ತವೆ. ಹತ್ತುವಾಗಿನ ಬಣ್ಣ, ಹತ್ತಲು ಹಿಡಿಯುವ ಹೊತ್ತು, ಆರಿದ ಮೇಲೆ ಮತ್ತೆ ಬರಲು ಹಿಡಿಯುವ ಹೊತ್ತು. ಈ ಮೂರನ್ನು ನೆಲದ ಮೇಲೆ ನಿಂತು ನೋಡಿದರೆ ದೋಷ ಎಲ್ಲಿದೆ ಅನ್ನುವುದು ಮುಕ್ಕಾಲು ಪಾಲು ಗೊತ್ತಾಗುತ್ತದೆ. ಬೇಕಾಗಿರುವುದು ಒಂದು ಗಡಿಯಾರ, ಒಂದು ನೋಟ್‌ಬುಕ್ಕು, ಸಿಕ್ಕರೆ ಒಂದು ದುರ್ಬೀನು, ಮತ್ತೆ ಸಂಜೆ ಹೊತ್ತು ಒಂದು ಗಂಟೆ. ಖರ್ಚು ಏನೂ ಇಲ್ಲ.

ಮೊದಲೇ ಹೇಳಿಬಿಡುತ್ತೇನೆ. ಕಂಬ ಹತ್ತುವುದು, ಕಂಬದ ಬುಡದ ಬಾಗಿಲು ತೆಗೆಯುವುದು, ಫ್ಯೂಸ್ ಕೀಳುವುದು, ಇವೆಲ್ಲ ಲೈನ್‌ಮನ್ ಕೆಲಸ. ದೀಪ ಊರಿನದ್ದೇ ಆದರೂ ಲೈನು ನಿಮ್ಮದಲ್ಲ. ನಿಮ್ಮ ಕೆಲಸ ನೋಡುವುದು, ಬರೆದುಕೊಳ್ಳುವುದು, ಸರಿಯಾಗಿ ಹೇಳುವುದು. "ದೀಪ ಹತ್ತುತ್ತಿಲ್ಲ" ಅಂದರೆ ಲೈನ್‌ಮನ್ ಒಂದು ಬಲ್ಬು ಹಿಡಿದುಕೊಂಡು ಬರುತ್ತಾರೆ. "ಹತ್ತಿ 12 ನಿಮಿಷಕ್ಕೆ ಆರುತ್ತದೆ, 2 ನಿಮಿಷಕ್ಕೆ ಮತ್ತೆ ಬರುತ್ತದೆ" ಅಂದರೆ ಸರಿಯಾದ ಸಾಮಾನು ತರುತ್ತಾರೆ.

ಇವು ಕಂಡರೆ ಮುಂದೆ ಓದಬೇಡಿ, ಫೋನ್ ಮಾಡಿ

ಕಂಬ ಮುಟ್ಟಿದರೆ ಜುಮ್ ಅನ್ನುತ್ತದೆ, ಅಥವಾ ದನ, ನಾಯಿ ಆ ಕಂಬದ ಹತ್ತಿರ ಹೋಗಲು ಹೆದರುತ್ತವೆ. ಅಂದರೆ ಕಂಬಕ್ಕೆ ಕರೆಂಟ್ ಇಳಿದಿರಬಹುದು. ಒಳಗಿನ ವೈರಿನ ಹೊದಿಕೆ ಸವೆದು ಕಬ್ಬಿಣಕ್ಕೆ ತಾಗಿದೆ, ಅರ್ಥಿಂಗ್ ಕೂಡ ಕಡಿದುಹೋಗಿದೆ ಅಂತಲೇ ತಿಳಿಯಿರಿ. ಅರ್ಥಿಂಗ್ ಸರಿ ಇದ್ದಿದ್ದರೆ ಫ್ಯೂಸ್ ಹೋಗಬೇಕಿತ್ತು, ಅಲ್ವಾ? ಒದ್ದೆ ನೆಲದಲ್ಲಿ ಇದು ಜೀವ ತೆಗೆಯುತ್ತದೆ. ಟೆಸ್ಟರ್ ಹಚ್ಚಿ ನೋಡುವ ಸಾಹಸವೂ ಬೇಡ. ಟೆಸ್ಟರ್ ಹತ್ತಲಿಲ್ಲ ಅಂದ ಮಾತ್ರಕ್ಕೆ ಕಂಬದಲ್ಲಿ ಕರೆಂಟ್ ಇಲ್ಲ ಅಂತ ಅಲ್ಲ. ಸುತ್ತ ಯಾರೂ ಹೋಗದ ಹಾಗೆ ಏನಾದರೂ ಅಡ್ಡ ಇಡಿ, ಒಬ್ಬರನ್ನು ಕಾವಲಿಗೆ ನಿಲ್ಲಿಸಿ, ಲೈನ್ ಬಂದ್ ಮಾಡಿಸಿ.

ತಂತಿ ಜೋತುಬಿದ್ದಿದೆ, ಕಂಬದ ಬಾಗಿಲು ಕಳಚಿ ಒಳಗಿನ ವೈರು ಕಾಣುತ್ತಿದೆ, ಹೊಗೆ ಬರುತ್ತಿದೆ ಅಂದರೂ ಇದೇ ಮಾತು.

ಇನ್ನೊಂದು ಜನರಿಗೆ ಅಷ್ಟಾಗಿ ಗೊತ್ತಿಲ್ಲ. ಮರ್ಕ್ಯುರಿ ಬಲ್ಬಿನ ಹೊರಗಾಜು ಒಡೆದರೂ ಒಳಗಿನ ಚಿಕ್ಕ ಕೊಳವೆ ಉರಿಯುತ್ತಲೇ ಇರಬಹುದು. ನೋಡುವವರಿಗೆ "ಒಡೆದರೂ ಉರೀತಿದೆ, ಗಟ್ಟಿ ಬಲ್ಬು" ಅನ್ನಿಸುತ್ತದೆ. ಆದರೆ ಒಳಗಿನ ನೇರಳಾತೀತ ಕಿರಣವನ್ನು ತಡೆಯುತ್ತಿದ್ದದ್ದೇ ಆ ಹೊರಗಾಜು. ಅದಿಲ್ಲದಿದ್ದರೆ ವೆಲ್ಡಿಂಗ್ ಬೆಳಕು ನೋಡಿದವರ ಹಾಗೆ ಕಣ್ಣು ಉರಿಯುತ್ತದೆ, ಚರ್ಮ ಕೆಂಪಾಗುತ್ತದೆ. ಅಂಥ ದೀಪದ ಕೆಳಗೆ ಮಕ್ಕಳು ಆಡಬಾರದು. ಅವತ್ತೇ ಆರಿಸಬೇಕು.

ಮೊದಲು ದೀಪ ಯಾವ ಜಾತಿ ಅಂತ ತಿಳಿಯಿರಿ

ಸಂಜೆ ದೀಪ ಹತ್ತುವ 5 ನಿಮಿಷ ಮೊದಲೇ ಹೋಗಿ ನಿಲ್ಲಿ. ಹತ್ತಿದ ಕೂಡಲೇ ಬರುವ ಬಣ್ಣ ಗಮನಿಸಿ.

ಕೆಂಪಗೆ ಶುರುವಾಗಿ, 10 ನಿಮಿಷದ ಆಚೀಚೆ ಅಚ್ಚ ಹಳದಿಗೆ ತಿರುಗಿದರೆ ಅದು ಲೋ ಪ್ರೆಶರ್ ಸೋಡಿಯಂ. ಅದರ ಕೆಳಗೆ ಕೆಂಪು ಬಟ್ಟೆ, ಹಸಿರು ಬಟ್ಟೆ ಎಲ್ಲ ಒಂದೇ ಥರ ಬೂದು ಬೂದಾಗಿ ಕಾಣುತ್ತವೆ, ಏಕೆಂದರೆ ಆ ಬೆಳಕಿನಲ್ಲಿ 589 ನ್ಯಾನೋಮೀಟರಿನ ಹಳದಿ ಬಿಟ್ಟರೆ ಬೇರೆ ಬಣ್ಣವೇ ಇಲ್ಲ. ಈ ಬಗೆಯ ದೀಪ ರಸ್ತೆಗೆ ಬಂದದ್ದು 1930ರ ದಶಕದಲ್ಲಿ.

ಮೊದಲು ಮಸುಕಾದ ಬಿಳಿ, ಆಮೇಲೆ ಹಳದಿ, 4-5 ನಿಮಿಷಕ್ಕೆ ಚಿನ್ನದ ಬಣ್ಣಕ್ಕೆ ಬಂದರೆ ಹೈ ಪ್ರೆಶರ್ ಸೋಡಿಯಂ. ಇದು 1960ರ ದಶಕದ ನಡುವಿನಿಂದ ಬಂತು. ಹಳ್ಳಿಗಳಲ್ಲಿ "ಸೋಡಿಯಂ ಲೈಟು" ಅಂದರೆ ಸಾಮಾನ್ಯವಾಗಿ ಇದೇ.

ಮಂಕಾಗಿ ಶುರುವಾಗಿ, ಹಸಿರು ಛಾಯೆಯ ನೀಲಿ ಬಿಳುಪಿಗೆ ಬಂದರೆ ಮರ್ಕ್ಯುರಿ. ಹತ್ತಿದ ಕೂಡಲೇ ಪೂರ್ತಿ ಬೆಳಕು ಬಂದರೆ ಬುರುಡೆ ಬಲ್ಬು. ಒಂದೆರಡು ಸಲ ಮಿಣುಕಿ ಹತ್ತಿದರೆ ಟ್ಯೂಬ್‌ಲೈಟು. ಹಳೆಯ ತಟ್ಟೆಯೊಳಗೆ ಯಾರೋ ಎಲ್‌ಇಡಿ ಹಾಕಿರುವುದೂ ಉಂಟು. ಹೊರಗಿನ ರೂಪ ನೋಡಿ ಮೋಸಹೋಗಬೇಡಿ.

ಈ ಬಣ್ಣದ ಪಾಠ ಗೊತ್ತಿಲ್ಲದೆ "ಹತ್ತಿದಾಗ ಕೆಂಪಗಿದೆ, ಕೆಟ್ಟಿದೆ" ಅಂತ ದೂರು ಕೊಟ್ಟವರು ಎಷ್ಟೋ ಜನ. ಅದು ದೋಷ ಅಲ್ಲ, ಅದರ ಸ್ವಭಾವ.

ಇಡೀ ಸಾಲು ಹತ್ತಿಲ್ಲ, ಅಥವಾ ಹೊತ್ತಲ್ಲದ ಹೊತ್ತಿಗೆ ಹತ್ತುತ್ತಿದೆ

ಒಂದೇ ಸಲಕ್ಕೆ ನಾಲ್ಕಾರು ದೀಪ ಕೈಕೊಟ್ಟರೆ ಬಲ್ಬಿನ ಮಾತು ಮರೆತುಬಿಡಿ. ಅಷ್ಟೂ ಬಲ್ಬು ಒಟ್ಟಿಗೆ ಸಾಯುವುದಿಲ್ಲ. ಮೊದಲು ಮನೆಗಳಲ್ಲಿ ಕರೆಂಟ್ ಇದೆಯಾ ನೋಡಿ. ಇದ್ದರೆ ಬೀದಿ ದೀಪದ ಫ್ಯೂಸ್, ಸ್ವಿಚ್ಚಿನ ಪೆಟ್ಟಿಗೆ, ಟೈಮರ್, ಈ ಮೂರರಲ್ಲಿ ಒಂದು.

ಸಾಲಿನಲ್ಲಿ ಮೊದಲ ಮೂರು ಉರಿದು ನಾಲ್ಕನೆಯದರಿಂದ ಕತ್ತಲಾಗಿದ್ದರೆ ಮೂರು ಮತ್ತು ನಾಲ್ಕರ ನಡುವೆ ಜಾಯಿಂಟ್ ಬಿಟ್ಟಿದೆ. ಎರಡು ಕಂಬದ ಗುರುತು ಹೇಳಿದರೆ ಲೈನ್‌ಮನ್‌ಗೆ ಅರ್ಧ ದಿನದ ಹುಡುಕಾಟ ತಪ್ಪುತ್ತದೆ.

ಹತ್ತುವ ಹೊತ್ತು ತಪ್ಪಿದ್ದರೆ ಅದು ಬಹುಪಾಲು ಹಳೆಯ ತಿರುಗುವ ಟೈಮರ್. ಒಳಗೆ ಒಂದು ಚಕ್ರ, ಅದರ ಮೇಲೆ 24 ಗಂಟೆಯ ಗುರುತು, ಅಂಚಿನಲ್ಲಿ ಎರಡು ಚಿಕ್ಕ ಮುಳ್ಳು. ಒಂದು ದೀಪ ಹಾಕುತ್ತದೆ, ಇನ್ನೊಂದು ಆರಿಸುತ್ತದೆ. ಚಕ್ರ ತಿರುಗುವುದು ಲೈನಿನ ಕರೆಂಟಿನಿಂದಲೇ. ಕರೆಂಟ್ ಹೋದರೆ ಚಕ್ರವೂ ನಿಲ್ಲುತ್ತದೆ. ಹಾಗಾಗಿ ದೀಪ ಎರಡು ಗಂಟೆ ತಡವಾಗಿ ಹತ್ತಿ, ಬೆಳಿಗ್ಗೆ ಎರಡು ಗಂಟೆ ತಡವಾಗಿ ಆರುತ್ತಿದ್ದರೆ, ಈಚೆಗೆ ಒಟ್ಟು ಎರಡು ಗಂಟೆ ಕರೆಂಟ್ ಹೋಗಿತ್ತು ಅಂತ ಲೆಕ್ಕ. ಇದರಲ್ಲಿ ಕೆಟ್ಟದ್ದು ಏನೂ ಇಲ್ಲ. ಚಕ್ರವನ್ನು ಈಗಿನ ಹೊತ್ತಿಗೆ ತಿರುಗಿಸಿದರೆ ಮುಗಿಯಿತು. ಪದೇ ಪದೇ ಕರೆಂಟ್ ಹೋಗುವ ಕಡೆ ಸ್ಪ್ರಿಂಗ್ ಅಥವಾ ಬ್ಯಾಟರಿ ಇರುವ ಟೈಮರ್ ಕೇಳಿ.

ಹತ್ತುವುದು ಮಾತ್ರ ತಪ್ಪಿ ಆರುವುದು ಸರಿಯಾಗಿದ್ದರೆ ಅಂಚಿನ ಒಂದು ಮುಳ್ಳು ಸಡಿಲವಾಗಿ ಜಾರಿದೆ. ಚಕ್ರ ಸರಿಯಾಗಿ ತಿರುಗುತ್ತಿದ್ದೂ ದೀಪ ಹತ್ತದಿದ್ದರೆ ಕಾಂಟ್ಯಾಕ್ಟರ್ ಕಡೆ ಅನುಮಾನ, ಅಂದರೆ ಟೈಮರ್ ಹೇಳಿದಾಗ ಇಡೀ ಸಾಲಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್ಚಿನ ಕಡೆ. ದೀಪ ಹತ್ತುವ ಹೊತ್ತಿಗೆ ಪೆಟ್ಟಿಗೆಯ ಹತ್ತಿರ ನಿಂತು ಕಿವಿಗೊಡಿ. ಟಕ್ ಅನ್ನುವ ಸದ್ದು ಬಂದೂ ದೀಪ ಬರದಿದ್ದರೆ ಒಳಗಿನ ಪಾಯಿಂಟುಗಳು ಸುಟ್ಟಿರಬಹುದು, ಅಥವಾ ಅದರಿಂದಾಚೆಗಿನ ಫ್ಯೂಸ್ ಹೋಗಿರಬಹುದು. ಸದ್ದೇ ಬರದಿದ್ದರೆ ಅದರ ಕಾಯಿಲಿಗೆ ಕರೆಂಟ್ ತಲುಪುತ್ತಿಲ್ಲ, ಇಲ್ಲವೇ ಕಾಯಿಲೇ ಹೋಗಿದೆ.

ಹಗಲೂ ಉರಿಯುತ್ತಿದೆ

ಸಾಲು ಪೂರ್ತಿ ಉರಿಯುತ್ತಿದ್ದರೆ ಟೈಮರ್ ಅಥವಾ ಕಾಂಟ್ಯಾಕ್ಟರ್ ಅಂಟಿಕೊಂಡಿದೆ. ಒಂದೇ ದೀಪವಾದರೆ ಅದರ ನೆತ್ತಿಯ ಮೇಲಿನ ಫೋಟೋಸೆಲ್ ನೋಡಿ, ಅಂದರೆ ಕತ್ತಲಾದರೆ ದೀಪ ಹಾಕಿ ಬೆಳಕಾದರೆ ಆರಿಸುವ ಭಾಗ. ಸಣ್ಣ ಡಬ್ಬಿ ಮುಚ್ಚಳದ ಹಾಗೆ ಇರುತ್ತದೆ. ಅದರ ಮೇಲೆ ಹಕ್ಕಿ ಹಿಕ್ಕೆ, ಧೂಳು, ಒಣ ಎಲೆ ಕೂತಿದೆಯಾ? ಹೊಸದಾಗಿ ಬೆಳೆದ ಕೊಂಬೆ ನೆರಳು ಹಾಕುತ್ತಿದೆಯಾ? ದುರ್ಬೀನಿನಲ್ಲಿ ಇಷ್ಟು ಕಾಣುತ್ತದೆ. ಲೈನ್‌ಮನ್ ಹತ್ತಿ ಒರೆಸಿದರೆ ಸರಿಹೋಗುವುದೇ ಜಾಸ್ತಿ. ಒರೆಸಿದ ಮೇಲೆ ಒಂದೆರಡು ನಿಮಿಷ ಕಾಯಬೇಕು. ಮಿಂಚು, ವಾಹನದ ಬೆಳಕಿಗೆ ಮೋಸಹೋಗದಿರಲಿ ಅಂತ ಅದು ಬೇಕಂತಲೇ ನಿಧಾನ.

ಚೊಕ್ಕಟವಾಗಿದ್ದೂ ಹಗಲು ಉರಿದರೆ ಫೋಟೋಸೆಲ್ ಬದಲಿಸಬೇಕು. ಕೆಟ್ಟರೆ ದೀಪ ಉರಿಯುತ್ತಲೇ ಇರಲಿ, ಕತ್ತಲಾಗದಿರಲಿ ಅಂತಲೇ ಹಲವನ್ನು ಮಾಡಿರುತ್ತಾರೆ. ಹಗಲು ಉರಿಯುವ ದೀಪ ನೋಡಿ "ಕರೆಂಟ್ ದಂಡ" ಅಂತ ಬೈಯುವ ಮೊದಲು ಇದು ನೆನಪಿರಲಿ.

ಒಂದೇ ದೀಪ ಹತ್ತುತ್ತಿಲ್ಲ

ಇಲ್ಲಿ ಬಲ್ಬಿನ ಸರದಿ ಬರುತ್ತದೆ. ಆದರೆ ಮೊದಲು ಕೆಳಗಿನಿಂದಲೇ ಬಲ್ಬು ನೋಡಿ. ಬುರುಡೆ ಬಲ್ಬಾದರೆ ತಂತಿ ತುಂಡಾಗಿ ನೇತಾಡುವುದು ಕಾಣುತ್ತದೆ. ಟ್ಯೂಬಾದರೆ ಎರಡು ತುದಿ ಕಪ್ಪಾಗಿರುತ್ತವೆ. ಸೋಡಿಯಂ ಬಲ್ಬಿನ ಹೊರಗಾಜಿನ ಒಳಗೆ ಕಂದು ಅಥವಾ ಕನ್ನಡಿಯಂಥ ಲೇಪ ಕೂತಿದ್ದರೆ ಒಳಕೊಳವೆ ಸೋರಿದೆ, ಅದರ ಆಯಸ್ಸು ಮುಗಿದಿದೆ.

ಬಲ್ಬು ಸಡಿಲವಾಗಿರುವುದೂ ತುಂಬಾ ಸಾಮಾನ್ಯ. ದೊಡ್ಡ ವಾಹನ ಹೋದಾಗ, ಗಾಳಿ ಬೀಸಿದಾಗ ಕಂಬ ಅದುರುತ್ತದೆ. ಬಲ್ಬು ಒಂದು ಕೂದಲೆಳೆಯಷ್ಟು ತಿರುಗುತ್ತದೆ. ವರ್ಷಗಟ್ಟಲೆ ಹೀಗಾದರೆ ಹೋಲ್ಡರಿನ ನಡುವಿನ ನಾಲಿಗೆಗೆ ತಾಗುವುದಿಲ್ಲ. ಲೈನ್‌ಮನ್ ಹತ್ತಿದಾಗ ಬಲ್ಬು ಬದಲಿಸುವ ಮೊದಲು ಲೈನ್ ಆರಿಸಿ, ಬಲ್ಬು ತಣ್ಣಗಾದ ಮೇಲೆ ಬಿಗಿಯಾಗಿ ತಿರುಗಿಸಿ ನೋಡಲು ಹೇಳಿ. ಹೋಲ್ಡರಿನ ನಾಲಿಗೆ ಕಪ್ಪಾಗಿ ಒಳಗೆ ಕುಸಿದಿದ್ದರೆ ಹೊಸ ಹೋಲ್ಡರೇ ಬೇಕು. ಅದರಲ್ಲಿ ಹೊಸ ಬಲ್ಬು ಹಾಕುವುದು ದಂಡ.

ಬಲ್ಬು ಬದಲಿಸುವುದೇ ಆದರೆ ಜಾತಿ ಮತ್ತು ವ್ಯಾಟ್ ಎರಡೂ ಹೊಂದಬೇಕು. ಇಲ್ಲೇ ಜನ ಎಡವುವುದು. 40 ಮಿಲಿಮೀಟರಿನ ದೊಡ್ಡ ಸ್ಕ್ರೂ ಹೋಲ್ಡರಿಗೆ ಮರ್ಕ್ಯುರಿಯೂ ಕೂರುತ್ತದೆ, ಸೋಡಿಯಮ್ಮೂ ಕೂರುತ್ತದೆ. ಕೂರುತ್ತದೆ ಅಂದ ಮಾತ್ರಕ್ಕೆ ಸರಿ ಅಂತಲ್ಲ. ಸೋಡಿಯಂ ಹತ್ತಿಸಲು ಇಗ್ನೈಟರ್ ಕೆಲವು ಸಾವಿರ ವೋಲ್ಟಿನ ಪೆಟ್ಟು ಕೊಡುತ್ತದೆ. ಮರ್ಕ್ಯುರಿ ಬಲ್ಬಿಗೆ ಅದು ಬೇಡ, ತಡೆಯುವುದೂ ಇಲ್ಲ. ಸೋಡಿಯಮ್ಮನ್ನು ಮರ್ಕ್ಯುರಿ ಚೋಕಿಗೆ (ಚೋಕ್ ಅಂದರೆ ಬಲ್ಬಿಗೆ ಹರಿಯುವ ಕರೆಂಟನ್ನು ಹಿಡಿತದಲ್ಲಿಡುವ ಸುರುಳಿ) ಹಾಕಿದರೆ ಸಾಮಾನ್ಯವಾಗಿ ಹತ್ತುವುದೇ ಇಲ್ಲ. ಇನ್ನೊಂದು ಮಾತು: ಕೆಲವು 70 ವ್ಯಾಟ್ ಸೋಡಿಯಂ ಬಲ್ಬುಗಳಿಗೆ ಇಗ್ನೈಟರ್ ಬಲ್ಬಿನೊಳಗೇ ಇರುತ್ತದೆ. ಅಂಥ ದೀಪದಲ್ಲಿ ಹೊರಗೆ ಇಗ್ನೈಟರ್ ಕಾಣದಿದ್ದರೆ "ಯಾರೋ ಕದ್ದಿದ್ದಾರೆ" ಅಂದುಕೊಳ್ಳಬೇಡಿ.

ಸರಿಯಾದ, ಚೆನ್ನಾಗಿ ಉರಿಯುವ ಬಲ್ಬು ಹಾಕಿಯೂ ಹತ್ತಲಿಲ್ಲವಾ? ಆಗ ಸದ್ದು ಕೇಳಿ. ರಾತ್ರಿ ಊರು ಮಲಗಿದ ಮೇಲೆ ಸೋಡಿಯಂ ದೀಪದ ಕೆಳಗೆ ನಿಂತರೆ ಕೆಟ್ಟ ಬಲ್ಬಿನ ಜೊತೆ ಗುದ್ದಾಡುವ ಇಗ್ನೈಟರಿನ ಸಣ್ಣ ಚಿರ್‌ರ್ ಸದ್ದು ಕೇಳುತ್ತದೆ. ಸದ್ದಿದ್ದರೆ ಅಲ್ಲಿವರೆಗೆ ಕರೆಂಟ್ ಬಂದಿದೆ, ಚೋಕ್ ಜೀವಂತ ಇದೆ, ಸಂಶಯ ಬಲ್ಬು ಅಥವಾ ಹೋಲ್ಡರ್ ಮೇಲೆ. ಸದ್ದೇ ಇಲ್ಲದಿದ್ದರೆ ಫ್ಯೂಸ್, ವೈರು, ಚೋಕ್, ಇಗ್ನೈಟರ್. ಸ್ವಲ್ಪ ಹೊತ್ತು ಪ್ರಯತ್ನಿಸಿ ತಾನೇ ನಿಲ್ಲುವ ಇಗ್ನೈಟರುಗಳೂ ಇವೆ, ಅದಕ್ಕೆ ದೀಪ ಹತ್ತುವ ಹೊತ್ತಿಗೇ ಕೇಳುವುದು ಒಳ್ಳೆಯದು. ಸತ್ತ ಬಲ್ಬನ್ನು ತಿಂಗಳುಗಟ್ಟಲೆ ಹಾಗೇ ಬಿಡಬೇಡಿ. ಇಗ್ನೈಟರ್ ರಾತ್ರಿಯಿಡೀ ಹೊಡೆದು ಹೊಡೆದು ಹೋಲ್ಡರನ್ನೂ ಹಳೆಯ ವೈರನ್ನೂ ಕೆಡಿಸುತ್ತದೆ.

ಮುಂದಿನದ್ದು ಲೈನ್‌ಮನ್‌ಗೆ. ಲೈನ್ ಬಂದ್ ಮಾಡಿ, ಬಂದ್ ಆಗಿದೆ ಅಂತ ಖಚಿತ ಮಾಡಿಕೊಂಡ ಮೇಲೆ ಚೋಕನ್ನು ಮೀಟರಿನಲ್ಲಿ ನೋಡಬಹುದು. ಚೆನ್ನಾಗಿರುವ ಚೋಕ್ ಕಡಿಮೆ ಓಮ್ ತೋರಿಸುತ್ತದೆ. ಏನೂ ತೋರಿಸದಿದ್ದರೆ ಒಳಗೆ ಕಡಿದಿದೆ. ಆದರೆ ಇಗ್ನೈಟರ್ ಕಳಚದೆ, ಕರೆಂಟ್ ಇರುವಾಗ ಹೋಲ್ಡರಿಗೆ ಮೀಟರ್ ಹಚ್ಚಬಾರದು. ಇಗ್ನೈಟರಿನ ಹೊಡೆತಕ್ಕೆ ಮೀಟರ್ ಹೋಗುತ್ತದೆ, ಹಿಡಿದವರಿಗೂ ಅಪಾಯ.

ಟ್ಯೂಬ್‌ಲೈಟಿನ ವಿಷಯ ಸುಲಭ. ತುದಿಗಳು ಮಾತ್ರ ಕೆಂಪಗೆ ಕಾದು ನಡುವೆ ಹತ್ತದಿದ್ದರೆ ಸ್ಟಾರ್ಟರ್ ಅಂಟಿಕೊಂಡಿದೆ. ಸುಮ್ನೆ ಮಿಣುಕುತ್ತಿದ್ದರೆ ಮೊದಲು ಸ್ಟಾರ್ಟರ್, ಆಮೇಲೆ ಟ್ಯೂಬು. ಚಳಿಯಲ್ಲಿ ಮಾತ್ರ ತಡವಾಗಿ ಹತ್ತಿದರೆ ಅದು ಟ್ಯೂಬಿನ ಸ್ವಭಾವ, ಬಿಟ್ಟುಬಿಡಿ.

ಹತ್ತುತ್ತದೆ, ಆರುತ್ತದೆ, ಮತ್ತೆ ಹತ್ತುತ್ತದೆ

ಬಲ್ಬು, ಚೋಕ್, ಲೈನು, ಫೋಟೋಸೆಲ್, ನಾಲ್ಕೂ ಹೀಗೆ ಆಟ ಆಡಿಸಬಹುದು. ಎಲ್ಲ ದೋಷಗಳಲ್ಲಿ ಜನರನ್ನು ಹೆಚ್ಚು ಸತಾಯಿಸುವುದು ಇದೇ. ಗಡಿಯಾರ ಕೈಯಲ್ಲಿಲ್ಲದೆ ಇದನ್ನು ಬಿಡಿಸಲಾಗದು. ನೋಟ್‌ಬುಕ್ಕಿನಲ್ಲಿ ಎರಡು ಸಾಲು ಮಾಡಿ: ಹತ್ತಿದ ಹೊತ್ತು, ಆರಿದ ಹೊತ್ತು. ಒಂದು ಗಂಟೆ ಬರೆಯಿರಿ.

ಹೈ ಪ್ರೆಶರ್ ಸೋಡಿಯಂ ದೀಪ ಪೂರ್ತಿ ಬೆಳಕಿಗೆ ಬಂದು, ಕೆಲವು ನಿಮಿಷ ಉರಿದು, ಆರಿ, ಒಂದೆರಡು ನಿಮಿಷಕ್ಕೆ ತಾನೇ ಹತ್ತಿ, ಮತ್ತೆ ಅಷ್ಟೇ ಹೊತ್ತಿಗೆ ಆರುತ್ತಿದ್ದರೆ ಬಲ್ಬಿಗೆ ವಯಸ್ಸಾಗಿದೆ. ಹಳೆಯದಾದಷ್ಟೂ ಬಲ್ಬು ಉರಿಯಲು ಕೇಳುವ ವೋಲ್ಟು ಏರುತ್ತದೆ. ಕಾದಾಗ ಇನ್ನೂ ಏರುತ್ತದೆ. ಚೋಕಿನಿಂದ ಅಷ್ಟು ಕೊಡಲಾಗದು, ದೀಪ ಆರುತ್ತದೆ. ತಣ್ಣಗಾದ ಮೇಲೆ ಇಗ್ನೈಟರ್ ಮತ್ತೆ ಹತ್ತಿಸುತ್ತದೆ. ದಿನ ಕಳೆದಂತೆ ಉರಿಯುವ ಹೊತ್ತು ಕಡಿಮೆಯಾಗುತ್ತ ಬರುತ್ತದೆ. ನೋಟ್‌ಬುಕ್ಕಿನಲ್ಲಿ ಹೋದ ವಾರ 15 ನಿಮಿಷ ಇದ್ದದ್ದು ಈ ವಾರ 9 ಆಗಿದ್ದರೆ ಬೇರೆ ಸಾಕ್ಷಿ ಬೇಡ. ಹೊಸ ಬಲ್ಬು ಹಾಕಿಸಿ.

ಹೊಸ ಬಲ್ಬೂ ಹಾಗೇ ಮಾಡಿದರೆ? ಆಗ ಚೋಕ್ ತಪ್ಪು ವ್ಯಾಟಿನದ್ದಾಗಿರಬಹುದು, ಅಥವಾ ಲೈನಿನಲ್ಲಿ ವೋಲ್ಟೇಜ್ ಕಡಿಮೆ ಇರಬಹುದು.

ಸಾಲಿನ ಎಲ್ಲ ದೀಪ ಒಂದೇ ಕ್ಷಣ ಆರಿ, ಒಂದೊಂದಾಗಿ ವಾಪಸ್ ಬಂದರೆ ಬಲ್ಬುಗಳ ತಪ್ಪಿಲ್ಲ. ಲೈನಿನಲ್ಲಿ ಕಣ್ಣುಮಿಟುಕಿಸುವಷ್ಟು ಹೊತ್ತು ವೋಲ್ಟೇಜ್ ಕುಸಿದಿದೆ. ಹತ್ತಿರದಲ್ಲಿ ದೊಡ್ಡ ಮೋಟರ್ ಶುರು ಮಾಡಿದಾಗ ಹೀಗಾಗುವುದುಂಟು. ಮನೆಯ ಬಲ್ಬು ಅರೆಕ್ಷಣ ಮಂಕಾಗಿ ಸರಿಹೋಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಆದರೆ ಸೋಡಿಯಂ, ಮರ್ಕ್ಯುರಿ ಒಮ್ಮೆ ಆರಿದರೆ ತಣ್ಣಗಾಗದೆ ಹತ್ತುವುದಿಲ್ಲ. ಸೋಡಿಯಂ ಬೇಗ ಬರುತ್ತದೆ, ಮರ್ಕ್ಯುರಿಗೆ 5 ನಿಮಿಷಕ್ಕೂ ಜಾಸ್ತಿ ಬೇಕಾಗಬಹುದು. ಎರಡೂ ಇರುವ ಬೀದಿಯಲ್ಲಿ ಇದು ನೋಡಲು ಚೆಂದ, ಮೊದಲು ಚಿನ್ನದ ಬಣ್ಣದವು, ಎಷ್ಟೋ ಹೊತ್ತಿನ ಮೇಲೆ ನೀಲಿಯವು.

ಗಾಳಿ ಇದ್ದಾಗ ಮಾತ್ರ ಆರಿದರೆ ಸಡಿಲ ಜಾಯಿಂಟ್, ಇಲ್ಲವೇ ತಂತಿಗೆ ಕೊಂಬೆ ತಾಗುತ್ತಿದೆ. ಕೊಂಬೆ ನೀವು ಕಡಿಯಲು ಹೋಗಬೇಡಿ. ಹಸಿ ಕೊಂಬೆಯಲ್ಲಿ ಕರೆಂಟ್ ಹರಿಯುತ್ತದೆ.

ಇನ್ನು ಫೋಟೋಸೆಲ್. ನಾನು ಮೂರ್ಖನಾದದ್ದು ಇಲ್ಲೇ. ಒಂದು ದೀಪ ರಾತ್ರಿಯಿಡೀ ಹತ್ತಿ ಆರುತ್ತಿತ್ತು. ಎರಡು ಸಲ ಬಲ್ಬು ಬದಲಿಸಿಸಿದೆ. ಅದೇ ಕಥೆ. ಮೂರನೆಯ ಸಂಜೆ ಸುಮ್ನೆ ನೋಡುತ್ತ ನಿಂತಾಗ ಕಣ್ಣು ಎದುರಿನ ಗೋಡೆ ಮೇಲೆ ಬಿತ್ತು. ಹೊಸದಾಗಿ ಬೆಳ್ಳಗೆ ಬಣ್ಣ ಬಳಿದಿದ್ದರು. ದೀಪ ಹತ್ತಿದರೆ ಬೆಳಕು ಗೋಡೆಗೆ ಬಡಿದು ಫೋಟೋಸೆಲ್ಲಿಗೆ ವಾಪಸ್ ಬರುತ್ತಿತ್ತು. ಅದು "ಬೆಳಗಾಯಿತು" ಅಂತ ದೀಪ ಆರಿಸುತ್ತಿತ್ತು. ಕತ್ತಲಾದ ಕೂಡಲೇ ಮತ್ತೆ ಹತ್ತಿಸುತ್ತಿತ್ತು. ಫೋಟೋಸೆಲ್ಲನ್ನು ಆ ಕಡೆಯಿಂದ ಈ ಕಡೆಗೆ ತಿರುಗಿಸಿದ್ದಷ್ಟೇ ರಿಪೇರಿ. ಬಲ್ಬು ಮುದಿಯಾದದ್ದಕ್ಕೂ ಇದಕ್ಕೂ ವ್ಯತ್ಯಾಸ ಹೇಗೆ ತಿಳಿಯುವುದು? ಮುದಿ ಬಲ್ಬು ಆರಿದಾಗ ದೀಪಕ್ಕೆ ಕರೆಂಟ್ ಇದ್ದೇ ಇರುತ್ತದೆ, ಹಾಗಾಗಿ ಚೋಕ್ ಗುಂಯ್‌ಗುಡುವುದೋ ಇಗ್ನೈಟರ್ ಚಿರ್‌ಗುಡುವುದೋ ಕೇಳಿಸಬಹುದು. ಫೋಟೋಸೆಲ್ ಆರಿಸಿದಾಗ ಟಕ್ ಅಂದು ಪೂರ್ತಿ ಮೌನ.

ಬೆಳಕು ಮಂಕಾಗಿದೆ

ಮೊದಲ ಅನುಮಾನ ಕೊಳೆ. ಹಳೆಯ ಗಾಜಿನ ಬಟ್ಟಲಿನಲ್ಲಿ ಸತ್ತ ಹುಳ ಒಂದು ಹಿಡಿ ಇರುತ್ತದೆ, ಮೇಲೆ ಜೇಡರಬಲೆ, ಅದರ ಮೇಲೆ ಧೂಳು. ಹಗಲು ಹೊತ್ತು ಕೆಳಗಿನಿಂದ ನೋಡಿದರೆ ಬಟ್ಟಲಿನ ತಳ ಕಪ್ಪಗೆ ಕಾಣುತ್ತದೆ. ಲೈನ್‌ಮನ್ ಇಳಿಸಿಕೊಟ್ಟ ಮೇಲೆ ಸೋಪು ನೀರಿನಲ್ಲಿ ತೊಳೆದು ಒಣಗಿಸಿದರೆ ಹೊಸ ದೀಪ ಹಾಕಿದ ಹಾಗಾಗುತ್ತದೆ. ಗೆರೆಗೆರೆಯಾದ ಹಳೆಯ ಗಾಜಾಗಿದ್ದರೆ ಅದನ್ನು ಜೋಪಾನ ಮಾಡಿ. ಆ ಗೆರೆಗಳು ಅಂದಕ್ಕೆ ಮಾಡಿದ್ದಲ್ಲ, ಬೆಳಕನ್ನು ರಸ್ತೆಯ ಉದ್ದಕ್ಕೆ ಬಗ್ಗಿಸಲು ಮಾಡಿದ್ದು. ಬಟ್ಟಲನ್ನು ತಿರುಗಿಸಿ ಕೂರಿಸಿದರೆ ಬೆಳಕು ರಸ್ತೆ ಬಿಟ್ಟು ಯಾರದೋ ಕಿಟಕಿಗೆ ಹೋಗುತ್ತದೆ. ತೆಗೆಯುವ ಮೊದಲು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಿ. ಪ್ಲಾಸ್ಟಿಕ್ ಬಟ್ಟಲು ಹಳದಿಯಾಗಿದ್ದರೆ ತೊಳೆದು ಪ್ರಯೋಜನವಿಲ್ಲ.

ಎರಡನೆಯದು ವೋಲ್ಟೇಜ್. ರಾತ್ರಿ 8ಕ್ಕೆ ಮಂಕು, 12ರ ಮೇಲೆ ಬೆಳ್ಳಗೆ ಉರಿದರೆ ಲೈನಿನ ತೊಂದರೆ. ಟ್ರಾನ್ಸ್‌ಫಾರ್ಮರಿನಿಂದ ದೂರದ ಕೊನೆಯ ಕಂಬಗಳಿಗೆ ಇದು ಜಾಸ್ತಿ. ಬುರುಡೆ ಬಲ್ಬಿಗೆ ವೋಲ್ಟು 10% ಇಳಿದರೆ ಬೆಳಕು ಸುಮಾರು 30% ಇಳಿಯುತ್ತದೆ. ವೋಲ್ಟು 5% ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧ. ಹಾಗಾಗಿ ಒಂದೇ ಕಂಬದ ಬುರುಡೆ ಬಲ್ಬು ಪದೇ ಪದೇ ಹೋಗುತ್ತಿದ್ದರೆ ಬಲ್ಬಿನ ಅಂಗಡಿಯವರನ್ನು ಬೈಯಬೇಡಿ, ವೋಲ್ಟೇಜ್ ಅಳೆಸಿ.

ಕೆಲವು ದೀಪ ಮಂಕು, ಕೆಲವು ವಿಪರೀತ ಬೆಳಕು, ಮನೆಗಳಲ್ಲೂ ಹಾಗೇ ಆಗುತ್ತಿದ್ದರೆ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ತಂತಿ, ಬಿಟ್ಟಿದೆ. ಇದು ತುರ್ತು. ಮನೆಯ ಮೇನ್ ಆರಿಸಿ, ಕೂಡಲೇ ತಿಳಿಸಿ.

ಮೂರನೆಯದು ಮರ್ಕ್ಯುರಿಯ ಮುಪ್ಪು. ಮರ್ಕ್ಯುರಿ ಬಲ್ಬು ಸೋಡಿಯಮ್ಮಿನ ಹಾಗೆ ಹತ್ತಿ ಆರಿ ಗಲಾಟೆ ಮಾಡುವುದಿಲ್ಲ. ಮಂಕಾಗುತ್ತ, ಹಸಿರಾಗುತ್ತ ವರ್ಷಗಟ್ಟಲೆ ಉರಿಯುತ್ತದೆ. ಕೆಳಗೆ ನಿಂತವರ ಮುಖವೇ ಕಾಣದಷ್ಟು ಮಂಕಾದರೂ "ಉರೀತಿದೆಯಲ್ಲ" ಅಂತ ಬಿಡುತ್ತಾರೆ. ಅದು ಬೆಳಕು ಕೊಡುತ್ತಿಲ್ಲ, ಕರೆಂಟ್ ಮಾತ್ರ ತಿನ್ನುತ್ತಿದೆ.

ಬಣ್ಣ ಬದಲಾಗಲೇ ಇಲ್ಲ

ಲೋ ಪ್ರೆಶರ್ ಸೋಡಿಯಂ ಅರ್ಧ ಗಂಟೆಯಾದರೂ ಕೆಂಪಗೇ ಉಳಿದರೆ ಅದು ಬಿಸಿಯೇರುತ್ತಿಲ್ಲ. ಹೊರಗಾಜಿನ ಒಳಗಿನ ನಿರ್ವಾತ ಹೋಗಿರಬಹುದು, ಅಥವಾ ಚೋಕ್ ಸಾಕಷ್ಟು ಕರೆಂಟ್ ಕೊಡುತ್ತಿಲ್ಲ. ಮೊದಲು ಬಲ್ಬು, ಆಮೇಲೆ ಚೋಕ್. ಈ ಬಲ್ಬಿನ ಒಳಗೆ ಲೋಹದ ಸೋಡಿಯಂ ಇದೆ. ನೀರು ತಾಗಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಒಡೆದ ಬಲ್ಬನ್ನು ಒದ್ದೆ ಕಸದ ಜೊತೆ ಎಸೆಯಬಾರದು.

ಹೈ ಪ್ರೆಶರ್ ಸೋಡಿಯಂ ಚಿನ್ನದ ಬಣ್ಣಕ್ಕೆ ಬರದೆ ಮಸುಕು ಹಳದಿಯಲ್ಲೇ ನಿಂತರೆ ವೋಲ್ಟೇಜ್ ಕಡಿಮೆ, ಇಲ್ಲವೇ ಬಲ್ಬಿಗಿಂತ ಚಿಕ್ಕ ವ್ಯಾಟಿನ ಚೋಕ್.

ಸದ್ದು ಮತ್ತು ವಾಸನೆ

ಚೋಕ್ ಗುಂಯ್ ಅನ್ನುವುದು ಸಹಜ. ಜಾಸ್ತಿಯಾದರೆ ಅದನ್ನು ಹಿಡಿದ ಸ್ಕ್ರೂ ಸಡಿಲವಾಗಿದೆ, ಬಿಗಿ ಮಾಡಿದರೆ ನಿಲ್ಲುತ್ತದೆ. ಗುಂಯ್ ಜೊತೆ ಸುಟ್ಟ ವಾರ್ನಿಷ್ ವಾಸನೆ ಬಂದರೆ ಕಾಯುವುದು ಬೇಡ, ಕೂಡಲೇ ಲೈನ್‌ಮನ್‌ಗೆ ಹೇಳಿ ದೀಪ ಆರಿಸಿ. ಮುದಿ ಬಲ್ಬು ಒಂದೇ ಕಡೆಗೆ ಕರೆಂಟ್ ಬಿಡಲು ಶುರು ಮಾಡಿದರೂ ಚೋಕ್ ಹೀಗೆ ಕಾದುಬಿಡುತ್ತದೆ. ಆಗ ಚೋಕ್ ಜೊತೆ ಬಲ್ಬನ್ನೂ ಬದಲಿಸಬೇಕು. ಇಲ್ಲದಿದ್ದರೆ ಹೊಸ ಚೋಕೂ ಸುಡುತ್ತದೆ.

ತೇವ ಇದ್ದ ರಾತ್ರಿ ಮಾತ್ರ ಚಟಪಟ ಅಂದರೆ ಹೋಲ್ಡರ್ ಅಥವಾ ಜಾಯಿಂಟಿನಲ್ಲಿ ಕಿಡಿ. ಲೈನ್‌ಮನ್ ಬರುವ ತನಕ ಅದನ್ನು ಬಳಸಬಾರದು.

ಫ್ಯೂಸ್ ಪದೇ ಪದೇ ಹೋಗುತ್ತದೆ

ಯಾವಾಗ ಹೋಗುತ್ತದೆ ಅನ್ನುವುದು ಮುಖ್ಯ. ಮಳೆ ಬಂದಾಗ ಮಾತ್ರವಾದರೆ ಬಟ್ಟಲಿನ ರಬ್ಬರ್ ಅಂಚು ಒಣಗಿ ಬಿರಿದು ನೀರು ಒಳಗೆ ಹೋಗುತ್ತಿದೆ, ಅಥವಾ ಬುಡದ ಜಾಯಿಂಟಿನಲ್ಲಿ ನೀರು ನಿಲ್ಲುತ್ತಿದೆ. ರಬ್ಬರ್ ಬದಲಿಸುವುದು ಅಗ್ಗದ ಕೆಲಸ. ಮಾಡದಿದ್ದರೆ ಕಾದ ಬಲ್ಬಿನ ಮೇಲೆ ಒಂದು ಹನಿ ಬಿದ್ದು ಗಾಜು ಸಿಡಿಯುತ್ತದೆ.

ದೀಪಗಳೆಲ್ಲ ಚೆನ್ನಾಗಿ ಉರಿಯುತ್ತಿವೆ, ಮಳೆಯೂ ಇಲ್ಲ, ಆದರೂ ಫ್ಯೂಸ್ ಹೋಗುತ್ತಿದೆ ಅಂದರೆ ಕಂಡೆನ್ಸರುಗಳ ಕಡೆ ಅನುಮಾನ, ಅಂದರೆ ದೀಪ ಲೈನಿನಿಂದ ಎಳೆಯುವ ಕರೆಂಟನ್ನು ತಗ್ಗಿಸಲು ಚೋಕ್ ಜೊತೆ ಇಡುವ ಡಬ್ಬಿಗಳ ಕಡೆ. ಕಂಡೆನ್ಸರ್ ಸತ್ತರೂ ಬೆಳಕಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಆದರೆ ಆ ದೀಪ ಲೈನಿನಿಂದ ಎಳೆಯುವ ಆಂಪಿಯರ್ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ನಾಲ್ಕೈದು ದೀಪದಲ್ಲಿ ಹೀಗಾದರೆ ಫ್ಯೂಸ್ ತಡೆಯುವುದಿಲ್ಲ. ಆಗ ದಪ್ಪ ತಂತಿ ಹಾಕಿ ಫ್ಯೂಸ್ "ಗಟ್ಟಿ" ಮಾಡುವ ಬುದ್ಧಿವಂತರು ಬರುತ್ತಾರೆ. ಬಿಡಬೇಡಿ. ಹಳೆಯ ವೈರಿಗೆ ಬೆಂಕಿ ಹತ್ತುವುದು ಹೀಗೇ.

ಕಂಡೆನ್ಸರ್ ಲೈನ್ ಆರಿಸಿದ ಮೇಲೂ ಶಾಕ್ ಹೊಡೆಯಬಲ್ಲದು. ಉಬ್ಬಿದ್ದು, ಎಣ್ಣೆ ಸೋರುತ್ತಿರುವುದು ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. 1980ಕ್ಕಿಂತ ಹಿಂದಿನ ಕೆಲವು ಕಂಡೆನ್ಸರುಗಳಲ್ಲಿ ಪಿಸಿಬಿ ಅನ್ನುವ ವಿಷದ ಎಣ್ಣೆ ಇರುತ್ತಿತ್ತು.

ಕಂಬವೇ ಸರಿಯಿಲ್ಲ

ಕಂಬ ಕೊಳೆಯುವುದು ನೆಲಕ್ಕೆ ತಾಗುವ ಜಾಗದಲ್ಲಿ. ನಾಯಿಗಳು ದಿನಾ ಕಾಲೆತ್ತುವ ಕಡೆ ತುಕ್ಕು ಇನ್ನೂ ಜೋರು, ಇದು ತಮಾಷೆಯಲ್ಲ. ಕಂಬಕ್ಕೆ ಕರೆಂಟ್ ಇಳಿದಿಲ್ಲ ಅಂತ ಲೈನ್‌ಮನ್ ಖಚಿತ ಮಾಡಿದ ಮೇಲೆ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಕೇಳಿದರೆ ಗಟ್ಟಿ ಇರುವ ಕಡೆ ಠಣ್ ಅನ್ನುತ್ತದೆ, ತುಕ್ಕು ತಿಂದ ಕಡೆ ಬೊದ್ದು ಸದ್ದು. ಬಣ್ಣ ಗುಳ್ಳೆ ಎದ್ದಿದ್ದರೆ ಒಳಗೆ ತುಕ್ಕು ಇದೆ. ಎರಕದ ಕಬ್ಬಿಣದ ಕಂಬದಲ್ಲಿ ಬಿರುಕು ಹುಡುಕಿ. ಅದು ಬಾಗುವುದಿಲ್ಲ, ಒಮ್ಮೆಲೇ ಮುರಿಯುತ್ತದೆ. ಇಂಥ ಕಂಬಕ್ಕೆ ಏಣಿ ಒರಗಿಸಬಾರದು, ಬ್ಯಾನರ್ ಕಟ್ಟಬಾರದು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬೇಡಿ. ಹಳೆಯ ದೀಪದ ಒಳಗಿನ ಬಿಳಿ ನಾರಿನ ಹೊದಿಕೆಯಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದನ್ನೂ ಕೆರೆಯಬೇಡಿ.

ಬಿಡಿಭಾಗ ಸಿಗುತ್ತಿಲ್ಲ

ಮರ್ಕ್ಯುರಿ ಬಲ್ಬು ಹುಡುಕಿ ಸುಸ್ತಾದವರಿಗೆ ಕಾರಣ ಗೊತ್ತಿರಲಿ. ಪಾದರಸದ (ಮರ್ಕ್ಯುರಿ) ಬಳಕೆ ತಗ್ಗಿಸಲು ದೇಶಗಳು ಮಾಡಿಕೊಂಡ ಮಿನಮಾಟಾ ಒಪ್ಪಂದದ ಪ್ರಕಾರ ಸಾಮಾನ್ಯ ಬಳಕೆಯ ಹೈ ಪ್ರೆಶರ್ ಮರ್ಕ್ಯುರಿ ಬಲ್ಬುಗಳ ತಯಾರಿಕೆ, ಆಮದು, ರಫ್ತು ನಿಲ್ಲಿಸಲು ಇಟ್ಟ ಗಡುವು 2020. ಅಂದರೆ ಈಗ ಸಿಗುವುದು ಬಹುಪಾಲು ಹಳೆಯ ದಾಸ್ತಾನು. ಇದ್ದರೆ ಒಂದೆರಡು ತೆಗೆದಿಡಿ. ಸತ್ತ ಮರ್ಕ್ಯುರಿ ಬಲ್ಬು, ಟ್ಯೂಬು ಒಡೆಯದೆ ಅದೇ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಇ-ತ್ಯಾಜ್ಯಕ್ಕೆ ಕೊಡಿ.

ಎಲ್‌ಇಡಿ ಹಾಕಲೇಬೇಕಾದರೆ ತಟ್ಟೆ, ಬಟ್ಟಲು, ಕಂಬ ಹಾಗೇ ಇಟ್ಟು ಒಳಗಿನದ್ದು ಮಾತ್ರ ಬದಲಿಸಿಸಿ. ಬಲ್ಬಿನ ಪೆಟ್ಟಿಗೆಯ ಮೇಲೆ ಚೋಕ್ ಜೊತೆ ಹಾಕಬಹುದು ಅಂತ ಇಲ್ಲದಿದ್ದರೆ ಚೋಕ್, ಇಗ್ನೈಟರ್ ಎರಡನ್ನೂ ಕಳಚಿ ನೇರ ಕರೆಂಟ್ ಕೊಡಿಸಬೇಕು. ಇಗ್ನೈಟರ್ ಒಳಗೇ ಉಳಿದರೆ ಅದರ ಹೊಡೆತಕ್ಕೆ ಎಲ್‌ಇಡಿ ಮೊದಲ ರಾತ್ರಿಯೇ ಹೋಗಬಹುದು. ಬಣ್ಣ 2200ರಿಂದ 2700 ಕೆಲ್ವಿನ್ ಒಳಗಿರಲಿ. ಹಳೆಯ ದೀಪದ ಕಳೆ ಉಳಿಯುತ್ತದೆ, ಹುಳವೂ ಕಡಿಮೆ ಬರುತ್ತದೆ. ಕಳಚಿದ ಚೋಕನ್ನು ಗುಜರಿಗೆ ಹಾಕಬೇಡಿ. ಪಕ್ಕದ ಕಂಬದ್ದು ನಾಳೆ ಸುಟ್ಟರೆ ಅದೇ ಬೇಕಾಗುತ್ತದೆ.

ಲೈನ್‌ಮನ್ ಕಂಬದ ಬಾಗಿಲು ಮುಚ್ಚುವ ಮೊದಲು ಒಂದು ಕೆಲಸ ಮಾಡಿಸಿ. ಬಾಗಿಲಿನ ಒಳಬದಿಗೆ ಅಳಿಸದ ಪೆನ್ನಿನಲ್ಲಿ ಬರೆಸಿ: ಬಲ್ಬಿನ ಜಾತಿ, ವ್ಯಾಟ್, ಚೋಕ್ ವ್ಯಾಟ್, ಇಗ್ನೈಟರ್ ಇದೆಯೋ ಇಲ್ಲವೋ, ತಾರೀಖು. ಮುಂದಿನ ಸಲ ಬರುವವರು ಬೇರೆಯವರಿರಬಹುದು.